ಮಾವನ ಸಕ್ಕರೆ ಕಾಯುತ್ತಿದ್ದವಳು

ಆ ಮನೆಯ ಸೊಸೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿಯುವವಳು. ಕೈ ಚುರುಕು, ಮಾತು ಕಡಿಮೆ. "ನಮ್ಮ ಸೊಸೆಗೆ ಬಾಯಿ ಇರೋದು ಊಟಕ್ಕೆ ಮಾತ್ರ" ಎಂದು ಅತ್ತೆ ನೆರೆಹೊರೆಯವರ ಮುಂದೆ ನಗಾಡುತ್ತಿದ್ದರು. ಆ ಮೆಚ್ಚುಗೆ ಮುಂದೆ ಉಳಿಯಲಿಲ್ಲ.

ಮಾವ ನಗರದ ಬಸ್ ಚಾಲಕರು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಇನ್ಸುಲಿನ್ ಶುರುವಾಗಿತ್ತು. ಇನ್ಸುಲಿನ್ ಚುಚ್ಚಿಕೊಳ್ಳುವವರ ಕೈಗೆ ಡಿಪೋದವರು ಸ್ಟೀರಿಂಗ್ ಕೊಡುವುದಿಲ್ಲ. ಹಾಗಾಗಿ ಮಾವ ಡಿಪೋಗೆ ತಿಳಿಸಲೇ ಇಲ್ಲ. ಡಾಕ್ಟರು ಅವರ ತೋಳಿಗೆ ನಾಣ್ಯದಗಲದ ಸೆನ್ಸರ್ ಒಂದನ್ನು ಅಂಟಿಸಿದ್ದರು. ಅದು ಸಕ್ಕರೆ ಅಳೆದು ಮಾವನ ಫೋನಿಗೆ ಕಳಿಸುತ್ತದೆ. ಅಲ್ಲಿಂದ ಸೊಸೆಯ ಫೋನಿಗೆ. ಮಗ ಮಾತ್ರ, "ಆ ನಂಬರ್ ನೋಡಿದ್ರೇ ನಂಗೆ ಕೈಕಾಲು ನಡುಗುತ್ತೆ, ನೀನೇ ನೋಡ್ಕೋ" ಎಂದು ಜಾರಿಕೊಂಡಿದ್ದ.

ಚಾಲಕರು ಫೋನ್ ಇಟ್ಟುಕೊಳ್ಳುವಂತಿಲ್ಲ. ಮಾವನ ಫೋನ್ ಕಂಡಕ್ಟರನ ಚೀಲದಲ್ಲಿರುತ್ತಿತ್ತು. ಯಾರು ಕೇಳಿದರೂ ಚಿಲ್ಲರೆ ಇಲ್ಲ ಎನ್ನುವ ಆ ಮನುಷ್ಯನಿಗೆ 'ಚಿಲ್ಲರೆ' ಎಂದೇ ಹೆಸರು ಬಿದ್ದಿತ್ತು. ಅವನು ಚಾಲಕರ ಹಿಂದಿನ ಸೀಟಿನಲ್ಲೇ ಕೂರುವವನಾದ್ದರಿಂದ ಫೋನಿಗೂ ಸೆನ್ಸರಿಗೂ ಸಂಪರ್ಕ ತಪ್ಪುತ್ತಿರಲಿಲ್ಲ. ಬಸ್ಸು ತುಂಬಿ ಅವನು ಹಿಂದಕ್ಕೆ ಹೋದರೆ ಏನಾಗುತ್ತದೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಒಂದು ದಿನ ಕಾರ್ಖಾನೆಯಲ್ಲಿ ಸೊಸೆಯ ಫೋನು ಕಿರುಚಿಕೊಂಡಿತು. ಎಪ್ಪತ್ತು. ಪಕ್ಕದಲ್ಲಿ ಕೆಳಮುಖದ ಬಾಣ. ಸಕ್ಕರೆ ಇನ್ನೂ ಇಳಿದರೆ ಕೂತಲ್ಲೇ ಎಚ್ಚರ ತಪ್ಪಬಹುದು. ನೋಡನೋಡುತ್ತಲೇ ಅರವತ್ತೆರಡು. ಆಮೇಲೆ ಸಂಖ್ಯೆಯೇ ಇಲ್ಲ, ಬರೀ ಒಂದು ಅಡ್ಡಗೆರೆ.

"ಏನಮ್ಮಾ, ಕಾಲರ್ ಹೊಲೀತೀಯೋ ಫೋನ್ ಹೊಲೀತೀಯೋ?" ಎಂದ ಮೇಸ್ತ್ರಿ.

ಅವಳು ಎದ್ದು ಮೆಟ್ಟಿಲ ಬಳಿಗೆ ಹೋದಳು. ಮಾವನ ಫೋನಿಗೆ ಕರೆ ಮಾಡಿದಳು. ಬಸ್ಸಿನ ಗಲಾಟೆಯಲ್ಲಿ ಅದು ಚೀಲದೊಳಗೇ ಬಡಕೊಂಡು ಸುಮ್ಮನಾಯಿತು. ಚಿಲ್ಲರೆಯ ನಂಬರ್ ಅವಳ ಬಳಿ ಇರಲಿಲ್ಲ. ಮಾವನ ಫೋನೇ ಅವನ ಹತ್ತಿರ ಇರುವಾಗ ಇನ್ನೊಂದು ನಂಬರ್ ಏತಕ್ಕೆ ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಉಳಿದದ್ದು ಡಿಪೋ. ಅಲ್ಲಿಗೆ ಹೇಳಿದರೆ ಮಾವನ ಕೆಲಸಕ್ಕೆ ಕುತ್ತು. ಹೇಳದಿದ್ದರೆ? ಬಸ್ಸಿನ ತುಂಬ ಜನ.

ಡಿಪೋದ ಸಾಹೇಬರೇ ಫೋನ್ ಎತ್ತಿದರು. "ಸಕ್ಕರೆ ಕಾಯಿಲೆನಾ? ನಮಗೆ ಹೇಳೇ ಇಲ್ವಲ್ಲ ಅವರು?"

"ಇದೆ ಸರ್. ಇನ್ಸುಲಿನ್ ತಗೋತಾರೆ. ಮೊದಲು ಬಸ್ ನಿಲ್ಲಿಸಿ, ಆಮೇಲೆ ಬೈರಿ."

ಸಾಹೇಬರ ಮಾತಿನ ಮೇಲೆ ದಾರಿಯಲ್ಲಿದ್ದ ಟಿಕೆಟ್ ತಪಾಸಣೆಯವರು ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದಾಗ ಮಾವನ ಬಾಯಲ್ಲಿ ಕಲ್ಲುಸಕ್ಕರೆ ಇತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. "ಚೆನ್ನಾಗೇ ಇದೀನಲ್ರೀ" ಎಂದು ಅವರ ಮೇಲೇ ಎಗರಾಡಿದರಂತೆ.

ಸಂಜೆ ಮನೆಯಲ್ಲಿ ಯಾರೂ ಕಾಫಿ ಮುಟ್ಟಲಿಲ್ಲ. ಸಾಹೇಬರು ಹಳೆಯ ಪರಿಚಯದವರು. ಗಾಬರಿಯಲ್ಲಿ ತಪ್ಪು ತಿಳಿದು ಹೇಳಿಬಿಟ್ಟೆನೆಂದು ಸೊಸೆ ಒಂದು ಮಾತು ಅಂದರೆ ಇಲ್ಲಿಗೇ ಮುಚ್ಚಿಹಾಕೋಣ ಎಂದಿದ್ದರು.

"ಅಂದ್ಬಿಡೇ ತಾಯಿ" ಎಂದರು ಅತ್ತೆ. "ಒಂದು ಮಾತಿಗೆ ನಿನ್ನ ಗಂಟೇನು ಹೋಗುತ್ತೆ? ಸ್ಟೀರಿಂಗ್ ಬಿಡಿಸಿದ್ರೆ ಈ ಮನುಷ್ಯ ಮನುಷ್ಯನಾಗಿ ಉಳೀತಾರಾ?"

"ಸುಳ್ಳು ಹೇಗೆ ಹೇಳಲಿ ಅತ್ತೆ?"

"ಯಾವುದು ಸುಳ್ಳು?" ಮಾವ ಗುಡುಗಿದರು. "ಸಕ್ಕರೆ ಇಳಿದಿದ್ದು ನನಗೇ ಗೊತ್ತಾಯ್ತು, ಬಾಯಿಗೆ ಹಾಕ್ಕೊಂಡೆ, ಸರಿಹೋಯ್ತು. ಎಲ್ಲೂ ಬ್ರೇಕ್ ತಪ್ಪಲಿಲ್ಲ, ಸ್ಟಾಪ್ ತಪ್ಪಲಿಲ್ಲ. ನಿನ್ನ ಆ ಡಬ್ಬಿಗೇನು ಗೊತ್ತು?"

"ಅದಕ್ಕೇನೂ ಗೊತ್ತಾಗಲಿಲ್ಲ ಮಾವ. ಅದಕ್ಕೇ ಫೋನ್ ಮಾಡಿದ್ದು."

ಅಷ್ಟರಲ್ಲಿ ಚೀಲದಲ್ಲೇ ಉಳಿದುಹೋಗಿದ್ದ ಫೋನನ್ನು ಕೊಡಲು ಚಿಲ್ಲರೆ ಬಂದ. ಮನೆಯ ಬಿಸಿ ಅವನಿಗೆ ತಟ್ಟಲಿಲ್ಲ.

"ಹುಷಾರಾದ್ರಾ ಅಣ್ಣಾ? ಶಾಲೆ ಸ್ಟಾಪ್ ಬಿಟ್ಟು ಹೊರಟಾಗ ಮನೇಲಿ ಏನೋ ಜಗಳ ಆಗಿರ್ಬೇಕು, ಇವತ್ತು ಕೋಪ ಅಂದ್ಕೊಂಡೆ. ನಾನು ಟಿಕೆಟ್ ಕೊಡ್ತಾ ಹಿಂದೆ ಇದ್ದೆ, ಜನ ಬೆಲ್ ಕಿತ್ತು ಕೈಗೆ ಬರೋ ಹಾಗೆ ಎಳೀತಿದ್ರು, ನೀವು ತಿರುಗಿ ಕೂಡ ನೋಡ್ಲಿಲ್ಲ."

"ಯಾವ ಶಾಲೆ? ನಿಲ್ಲಿಸಿದ್ನಲ್ಲೋ."

"ಎಲ್ಲಿ ನಿಲ್ಲಿಸಿದ್ರಿ? ಮಕ್ಕಳೆಲ್ಲ ಪಕ್ಕಕ್ಕೆ ಹಾರ್ಕೊಂಡ್ರು. ಸದ್ಯ, ಯಾರಿಗೂ ಏನೂ ಆಗ್ಲಿಲ್ಲ."

ಮಾವ ಅವನ ಮುಖವನ್ನೇ ನೋಡಿದರು. ಇನ್ನೊಮ್ಮೆ ಹೇಳು ಎಂದರು. ಅವನು ಹೇಳಿದ. ಮಾವನಿಗೆ ಆ ಶಾಲೆಯ ಗೇಟು, ಆ ಮಕ್ಕಳು, ಬೆಲ್ಲು, ಯಾವುದೂ ನೆನಪಿರಲಿಲ್ಲ.

ಅತ್ತೆ ಇನ್ನೂ ಬಿಡಲಿಲ್ಲ. "ಯಾರಿಗೂ ಏನೂ ಆಗಿಲ್ಲ ಅಂತಾನಲ್ಲ. ನಾಳೆ ಬೆಳಿಗ್ಗೆ ಇವಳು ಒಂದು ಮಾತು..."

"ಇವಳು ಏನೂ ಹೇಳೋದು ಬೇಡ" ಎಂದರು ಮಾವ. "ನಾನೇ ಹೋಗಿ ಹೇಳ್ತೀನಿ, ಇರೋದನ್ನ."

ಹಾಗೆಯೇ ಹೇಳಿ ಬಂದರು. ಈಗ ಡಿಪೋದೊಳಗೆ ಪಾಸು ಕೊಡುವ ಕಿಟಕಿಯ ಹಿಂದೆ ಕೂರುತ್ತಾರೆ. ಅವರಿಗೆ ಆ ಕೆಲಸ ಸೇರುವುದಿಲ್ಲ, ಸೇರುವುದಿಲ್ಲವೆಂದು ದಿನವೂ ಹೇಳುತ್ತಾರೆ. ಅತ್ತೆ ಬಹಳ ಕಾಲ ಸೊಸೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಸೊಸೆ ಕ್ಷಮೆ ಕೇಳಲಿಲ್ಲ. ಕೇಳುವಂಥದ್ದನ್ನು ಅವಳು ಮಾಡಿರಲೂ ಇಲ್ಲ.