ಸಾನಪಾಡಾದ ಕಪ್ಪು ರಾಸ್ಬೆರಿ

ನವಿ ಮುಂಬಯಿಯ ಸಾನಪಾಡಾದಲ್ಲಿ ನಮ್ಮದು ನೆಲಮಹಡಿಯ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಕಾಂಪೌಂಡ್ ಗೋಡೆಯ ತನಕ ನಾಲ್ಕು ಹೆಜ್ಜೆ ಅಗಲದ ಜಾಗ. ಮನೆ ನೋಡಲು ಬಂದ ದಿನ ನನ್ನ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ. ಆದರೆ ವರ್ಷಗಟ್ಟಲೆ ಅಲ್ಲಿ ಬದುಕಿದ್ದು ಒಂದು ಕರಿಬೇವು, ಒಂದು ತುಳಸಿ. ಬೇರೆ ಏನು ನೆಟ್ಟರೂ ಒಣಗಿ ಹೋಗುತ್ತಿತ್ತು.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಠಾಣೆ ನಗರದ ನಮ್ಮ ಆಫೀಸಿನವರೆಲ್ಲ ಸೇರಿ ಮಹಾಬಳೇಶ್ವರಕ್ಕೆ ಹೋಗಿದ್ದೆವು. ಬರುವಾಗ ದಾರಿಬದಿಯ ನರ್ಸರಿಯಲ್ಲಿ ಗೇಣುದ್ದದ ಒಂದು ಸಸಿ ಕೊಂಡೆ. ಕಾಂಡದ ಮೇಲೆ ಸುಣ್ಣ ಸವರಿದ ಹಾಗೆ ಬಿಳಿ ಹುಡಿ, ಕೊಕ್ಕೆಯಂಥ ಮುಳ್ಳು. ಕಪ್ಪು ರಾಸ್ಬೆರಿ, ಘಟ್ಟದ್ದೇ ಜಾತಿ, ಸೆಕೆಯಲ್ಲೂ ಬರುತ್ತದೆ ಎಂದ ಮಾರುವವನು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ನನ್ನ ಯಜಮಾನರು ನೋಡಿ ನಕ್ಕರು. "ನಮ್ಮ ಹಿತ್ತಲಲ್ಲಿ ಬೆಂಡೆ ಬರುವುದಿಲ್ಲ, ಇನ್ನು ಬೆರಿ!"

ಮರುದಿನ ಬೆಳಿಗ್ಗೆ ಕುಕ್ಕರುಗಾಲಿನಲ್ಲಿ ಕೂತು ಗುಂಡಿ ತೋಡುತ್ತಿದ್ದೆ. ಹಿಂದಿನಿಂದ ಕನ್ನಡ ಕೇಳಿಸಿತು.

"ಹಿಂಗ ಹಚ್ಚಿದ್ರ ಬದುಕೂದಿಲ್ರೀ ಅಕ್ಕಾರ. ಕೆಳಗ ಬರೇ ಇಟ್ಟಂಗಿ ಚೂರ ಐತಿ."

ನಮ್ಮ ಸೊಸೈಟಿಗೆ ಹೊಸದಾಗಿ ಬಂದಿದ್ದ ವಾಚ್‌ಮನ್‌ನ ಹೆಂಡತಿ. ವಿಜಯಪುರದ ಕಡೆಯವಳು, ಮೂವತ್ತು ದಾಟಿರಬೇಕು. ಗಂಡ ಹೆಂಡತಿ ಇಬ್ಬರೂ ಜಿನೆಯ, ಅಂದರೆ ಮಹಡಿ ಮೆಟ್ಟಿಲಿನ, ಕೆಳಗಿನ ಸಣ್ಣ ಕೋಣೆಯಲ್ಲಿದ್ದರು. ಅವನು ಗೇಟು ನೋಡಿಕೊಳ್ಳುತ್ತಿದ್ದ, ಅವಳು ಹತ್ತಿರದ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಕೈಯ ಪುಟ್ಟ ಸಲಿಕೆಯನ್ನು ಪಕ್ಕಕ್ಕಿಟ್ಟು, ತನ್ನ ಗುದ್ದಲಿ ತಂದು ಮೊಣಕಾಲಾಳ ಅಗೆದಳು. ಇಟ್ಟಿಗೆ, ಸಿಮೆಂಟಿನ ಹೆಂಟೆ, ಹಳೆಯ ಪೈಪಿನ ತುಂಡು, ಎಲ್ಲ ಮೇಲೆ ಬಂತು. ಸಂಜೆ ಸಿಮೆಂಟ್ ಚೀಲದಲ್ಲಿ ಕೆಂಪು ಮಣ್ಣು ಹೊತ್ತು ತಂದಳು.

"ಎಲ್ಲಿಂದ ತಂದೆ ಮಾರಾಯ್ತಿ?"

"ಸೈಟಿನಾಗ ಪಾಯ ತೆಗದಾರ್ರಿ. ಮಣ್ಣ ಬ್ಯಾಡಂತ ಚೆಲ್ಲಾಕತ್ತಿದ್ರು."

ಸಸಿ ಹಿಡಿಯಿತು. ಅವಳೂ ನನ್ನ ದಿನಚರಿಯೊಳಗೆ ಬಂದಳು. ಸಂಜೆ ನಾನು ಆಫೀಸಿನಿಂದ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತರೆ, ಅವಳೂ ಕೈಕಾಲು ತೊಳೆದು ಬರುವಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಮಗಳು ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಶಾಲೆಯಲ್ಲಿ ಓದಿ ಬರೆದ ನನ್ನ ಕನ್ನಡ ಬಾಯಿಗೆ ಬರುತ್ತಿದ್ದುದು ಇವಳ ಜೊತೆ ಮಾತ್ರ. ಅದನ್ನು ಕೇಳಿ ಅವಳಿಗೆ ನಗು. "ನೀವು ಮಾತಾಡಿದ್ರ ಪುಸ್ತಕಾ ಓದಿದಂಗ ಆಕ್ಕೈತ್ರಿ."

ಮುಂದಿನ ಮಳೆಗಾಲದಲ್ಲಿ ಬಳ್ಳಿಯಂಥ ಉದ್ದ ಕೊಂಬೆಗಳು ಎದ್ದವು. ನನಗೆ ಹಿಗ್ಗೋ ಹಿಗ್ಗು. ಒಂದು ದಿನ ಅವಳು ಕತ್ತರಿ ಕೇಳಿದಳು. "ಚಾಟ್ನಿ ಮಾಡಬೇಕ್ರಿ ಇದಕ್ಕ."

"ಇದರ ಎಲೆಯದ್ದು ಚಟ್ನಿ ಮಾಡ್ತಾರಾ?"

ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಊರಿನಲ್ಲಿ ಅವಳು ಮದುವೆಗೆ ಮುಂಚೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಗಿಡ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ನನ್ನೆತ್ತರದ ಕೊಂಬೆಗಳ ತುದಿಯನ್ನು ಎದೆಮಟ್ಟಕ್ಕೆ ಕತ್ತರಿಸಿದಳು. ನನಗೆ ಅಳು ಬಂದಂತಾಗಿತ್ತು. ಇಪ್ಪತ್ತು ದಿನದಲ್ಲಿ ಪ್ರತಿ ಕೊಂಬೆಯೂ ಪಕ್ಕಕ್ಕೆ ಕವಲೊಡೆಯಿತು. ಸೈಟಿನ ತಂತಿ ಕಟ್ಟಿ, ಕವಲುಗಳನ್ನು ಅದರ ಮೇಲೆ ಹರಡಿದಳು. ಮುಳ್ಳು ಗೀರಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, "ಈಗ ಹಣ್ಣ ಆಕ್ಕಾವ್ ನೋಡ್ರಿ" ಎಂದಳು.

ಚಳಿಗಾಲದಲ್ಲಿ ಗುಲಾಬಿ ಬಣ್ಣದ ಸಣ್ಣ ಹೂ ಬಂತು. ಉದುರಿದಲ್ಲಿ ಹಸಿರು ಮಣಿಗಳ ಗುಂಪು. ನಾವಿಬ್ಬರೂ ದಿನಾ ನೋಡುವುದು, ಎಣಿಸುವುದು, ತಪ್ಪುವುದು.

ಅದೇ ಹೊತ್ತಿಗೆ ಸೊಸೈಟಿಯ ಮೀಟಿಂಗ್ ಕರೆದರು. ಯಜಮಾನರು ಊರಿಗೆ ಹೋಗಿದ್ದರಿಂದ ನಾನು ಹೋದೆ. ಇನ್ನು ಮುಂದೆ ಸೆಕ್ಯುರಿಟಿ ಏಜೆನ್ಸಿಯಿಂದ ಪಾಳಿಯ ಮೇಲೆ ಜನ ಬರಲಿ, ಜಿನೆಯ ಕೆಳಗಿನ ಕೋಣೆ ಖಾಲಿ ಮಾಡಿಸಿ ಅಲ್ಲಿ ಕರೆಂಟ್ ಮೀಟರುಗಳನ್ನು ಕೂಡಿಸೋಣ ಎಂದು ಮಾತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಆ ಮನುಷ್ಯ ಒಳ್ಳೆಯವನೇ ಎಂದೂ ಒಬ್ಬರು ಹೇಳಿದರು. ಒಪ್ಪಿಗೆ ಇರುವವರು ಕೈ ಎತ್ತಿ ಎಂದಾಗ ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು. ನಾನು ಸುತ್ತ ನೋಡಿದೆ. ನಾನೂ ಎತ್ತಿದೆ.

ಅದನ್ನು ಅವಳಿಗೆ ಹೇಳಲಿಲ್ಲ. ಸಂಜೆ ಎಂದಿನಂತೆ ಚಹಾ ಕುಡಿದೆವು. ಹದಿನೈದು ದಿನ ಕಳೆದು ಒಂದು ಭಾನುವಾರ ಟೆಂಪೋ ಬಂತು. ಒಂದು ಟ್ರಂಕು, ಹಾಸಿಗೆಯ ಸುರುಳಿ, ಎರಡು ಕೊಡ. ಹೋಗುವ ಮುನ್ನ ಹಿತ್ತಲಿಗೆ ಬಂದಳು. ಹಣ್ಣು ಆಗ ಕೆಂಪಗಿದ್ದವು. ಒಂದನ್ನು ಮುಟ್ಟಿ ನೋಡಿದಳು.

"ಇನ್ನ ಎಂಟ್ ದಿನಕ್ಕ ಕರ್ರಗ ಆಕ್ಕಾವ್ರಿ. ಕೆಂಪ ಇದ್ದಾಗ ಹರೀಬ್ಯಾಡ್ರಿ, ಹುಳಿ ಇರತಾವ."

ಕಲ್ಯಾಣದಲ್ಲಿ ಮಾರ್ಕೆಟ್ ಹತ್ತಿರ ಮೈದುನನ ಮನೆ ಇದೆ, ಸದ್ಯ ಅಲ್ಲಿಗೆ ಎಂದಳು. ಗಂಡನ ಫೋನ್ ನಂಬರು ನನ್ನ ಬಳಿ ಇತ್ತು. ನಾಲ್ಕು ದಿನದ ಮೇಲೆ ಫೋನ್ ಮಾಡಿದರೆ ಸ್ವಿಚ್ ಆಫ್.

ಹಣ್ಣು ಕಪ್ಪಾದವು. ಮೊದಲನೆಯದನ್ನು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಹಿಯಿತ್ತು, ನೇರಳೆಯ ಹಾಗೆ ನಾಲಗೆಗೆ ಬಣ್ಣ ಹಿಡಿಯಿತು. ಪಕ್ಕಕ್ಕೆ ನೋಡಿದೆ, ಹೇಳುವುದಕ್ಕೆ ಯಾರೂ ಇರಲಿಲ್ಲ. ಮಗಳು ಎರಡು ತಿಂದು "ಅಚ್ಛಾ ಹೈ" ಎಂದು ಒಳಗೆ ಹೋದಳು.

ಮುಂದಿನ ಭಾನುವಾರ ಒಂದು ಸ್ಟೀಲ್ ಡಬ್ಬಿ ತುಂಬ ಹಣ್ಣು ಕಿತ್ತು, ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಕಲ್ಯಾಣಕ್ಕೆ ಹೋದೆ. ಮಾರ್ಕೆಟ್ಟಿನ ಹಮಾಲರಲ್ಲಿ ವಿಜಯಪುರದವರನ್ನು ಕೇಳುತ್ತ ಕೇಳುತ್ತ ಮೈದುನನ ಮನೆ ಸಿಕ್ಕಿತು. ಬಾಗಿಲಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವರು ಇಲ್ಲಿಲ್ಲ, ಡೊಂಬಿವಲಿಯಲ್ಲಿ ಬಹುಮಹಡಿ ಟವರ್ ಕಟ್ಟುವ ಕೆಲಸಕ್ಕೆ ಹೋಗಿದ್ದಾರೆ ಎಂದು ಗುರುತು ಹೇಳಿದಳು. ಡಬ್ಬಿಯನ್ನು ಎದೆಗವಚಿಕೊಂಡು ಮತ್ತೆ ಗಾಡಿ ಹತ್ತಿದೆ.

ಸೈಟಿನ ಪಕ್ಕ ತಗಡಿನ ಕೋಣೆಗಳ ಸಾಲು. ಊಟದ ಹೊತ್ತು. ಅವಳು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚುತ್ತಿದ್ದವಳು ನನ್ನನ್ನು ಕಂಡು ಹಾಗೇ ನಿಂತಳು. "ಅಯ್ಯ! ಅಕ್ಕಾರ!"

ಇಟ್ಟಿಗೆಯ ಮೇಲೆ ಗೋಣಿ ಹಾಸಿ ಕೂರಿಸಿದಳು. ಡಬ್ಬಿ ತೆರೆದರೆ ಅರ್ಧ ಹಣ್ಣು ಒಡೆದು ರಸವಾಗಿದ್ದವು. ಅವಳು ಎರಡು ಬೆರಳಲ್ಲಿ ಒಂದನ್ನು ಎತ್ತಿ ತಿಂದಳು. ಇನ್ನೊಂದು. ಮತ್ತೊಂದು. ಕಣ್ಣು ಮುಚ್ಚಿಕೊಂಡಿದ್ದಳು.

"ಛಲೋ ಅದಾವ್ರಿ," ಎಂದಳು. "ಒಂದ್ ಚೂರು ನೀರ ಹೆಚ್ಚಾಗೈತಿ. ಹಣ್ಣ ಬಲಿಯೂಮುಂದ ನೀರ ಕಡಿಮಿ ಹಾಕ್ರಿ."

ಆಗ ಹೇಳಿಬಿಟ್ಟೆ. "ಆ ಮೀಟಿಂಗಿನಲ್ಲಿ ನಾನೂ ಕೈ ಎತ್ತಿದ್ದೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಗೊತ್ತೈತ್ರಿ. ಅವತ್ತ ಕುರ್ಚಿ ಹಾಕಿದವ ನನ್ನ ಗಂಡನ ಅಲ್ಲೇನ್ರಿ. ಬಾಗಲದಾಗ ನಿಂತಿದ್ದ."

"ಮತ್ತೆ ಹದಿನೈದು ದಿನ ನನ್ನ ಜೊತೆ ಚಹಾ ಕುಡಿದೆಯಲ್ಲ?"

"ಎಲ್ಲಿ ಹೋಗ್ಲಿ ಅಕ್ಕಾರ?" ಎಂದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಸೀಟಿ ಊದಿದರು. ಉಳಿದ ಹಣ್ಣನ್ನು ತನ್ನ ತಾಟಿಗೆ ಸುರಿದು, ಡಬ್ಬಿ ತೊಳೆದು, ಸೆರಗಿನಿಂದ ಒರೆಸಿ ನನ್ನ ಕೈಗಿತ್ತಳು. ಮನೆಗೆ ಬಾ ಎಂದೆ. ಬರತೀನ್ರಿ ಎಂದಳು. ತಲೆಗೆ ವಸ್ತ್ರ ಬಿಗಿದುಕೊಂಡು ಕಟ್ಟಡದೊಳಗೆ ಹೋದಳು. ಅವಳು ಹೊಸ ನಂಬರು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಡೊಂಬಿವಲಿಗೆ ಹೋದೆ. ತಗಡಿನ ಕೋಣೆಗಳಲ್ಲಿ ಬೇರೆ ಜನ ಇದ್ದರು. ಪುಣೆಯ ಕಡೆ ಹೋದರು ಎಂದ ಒಬ್ಬ. ಊರಿಗೆ ಎಂದಳು ಇನ್ನೊಬ್ಬಳು. ಕಲ್ಯಾಣದ ಮನೆಗೂ ಹೋಗಿ ನನ್ನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಮೈದುನನ ಹೆಂಡತಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಈಗ ನಾಲ್ಕು ವರ್ಷ. ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂದರೆ ಮನೆಯವರು ಎತ್ತಬೇಡ ಎನ್ನುತ್ತಾರೆ. ನಾನು ಎತ್ತುತ್ತೇನೆ. ಸಾಲ ಬೇಕೇ, ಕಾರ್ಡ್ ಬೇಕೇ ಎಂದು ಹಿಂದಿಯಲ್ಲಿ ಯಾರೋ ಕೇಳುತ್ತಾರೆ. ಮಾತು ಮುಗಿಯುವ ತನಕ ಕೇಳಿಸಿಕೊಂಡು, ಬೇಡ ಎಂದು ಇಡುತ್ತೇನೆ.