ಪ್ಲಿಮತ್ ಕಾರು ಮತ್ತು ಉಚ್ಚಂಗೆಪ್ಪನ ಕೊನೆಯ ಹಲ್ಲು

ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿ ನನ್ನದೊಂದು ವಾಹನಗಳ ಬಿಡಿಭಾಗದ ಅಂಗಡಿ ಇದೆ. ನನ್ನ ಹೆಸರು ಗಂಗಾಧರ. ಪಕ್ಕದ ತಗಡಿನ ಶೆಡ್ಡು ಮೆಕ್ಯಾನಿಕ್ ಉಚ್ಚಂಗೆಪ್ಪನದು. ಮೂವತ್ತೆಂಟು ವರ್ಷದಿಂದ ಆ ಮನುಷ್ಯ ನನ್ನ ಅಂಗಡಿಗೆ ಬಂದು ನನ್ನಲ್ಲಿ ಇಲ್ಲದ ಸಾಮಾನನ್ನೇ ಕೇಳುತ್ತಾನೆ. ಇಲ್ಲ ಎಂದರೆ ಹೋಗುವ ಪೈಕಿಯಲ್ಲ. ಒಳಗೆ ನುಗ್ಗಿ, ಟ್ರ್ಯಾಕ್ಟರಿನದೋ ಲಾರಿಯದೋ ಏನೋ ಒಂದನ್ನು ಎತ್ತಿಕೊಂಡು, "ಇದನ್ನ ಒಂದೀಟು ತೀಡಿದ್ರ ಕುಂದರ್ತೈತಿ ಬಿಡು" ಎನ್ನುತ್ತಾನೆ. ನಾನು ಬೈಯುತ್ತೇನೆ. ಅವನಿಗೆ ಕಿವಿ ಕೇಳುವುದಿಲ್ಲವಾದ್ದರಿಂದ ಬೈದದ್ದೆಲ್ಲ ದಂಡ.

ಹಾಗೆ ಹೊತ್ತೊಯ್ದ ಸಾಮಾನೆಲ್ಲ ಹೋದದ್ದು ಒಂದೇ ಕಾರಿಗೆ. ೧೯೬೪ರ ಪ್ಲಿಮತ್, ಅಮೆರಿಕದ್ದು, ಸ್ಟೀರಿಂಗ್ ಎಡಕ್ಕೆ. ನಮ್ಮೂರಿನ ಶೇಂಗಾ ವ್ಯಾಪಾರಿ ಜಂಬಣ್ಣ ಸಾವ್ಕಾರರು ಎಪ್ಪತ್ತೊಂದರಲ್ಲಿ ಮದ್ರಾಸಿಗೆ ಹೋಗಿ, ತನ್ನ ದೇಶಕ್ಕೆ ವಾಪಸ್ ಹೊರಟಿದ್ದ ಯಾರೋ ಬಿಳಿಯನಿಂದ ಅದನ್ನು ಕೊಂಡು ತಂದರು. ಹತ್ತು ವರ್ಷ ಅದರಲ್ಲಿ ಮೆರೆದರು. ಆಮೇಲೆ ಅದು ಕೆಟ್ಟು ಗೋದಾಮಿನ ಮೂಲೆ ಸೇರಿತು, ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತವು. ಉಚ್ಚಂಗೆಪ್ಪ ಆಗಷ್ಟೇ ಉಚ್ಚಂಗಿದುರ್ಗದ ಕಡೆಯಿಂದ, ಕುರಿ ಸಾಕುವ ಮನೆಯಿಂದ ಬಂದು ಲಾರಿ ರಿಪೇರಿ ಮಾಡುತ್ತಿದ್ದ. ಗೋದಾಮಿಗೆ ಬೇರೆ ಏನೋ ಕೆಲಸಕ್ಕೆ ಹೋದವನು ಸುಮ್ಮನಿರಲಾರದೆ ಅದರ ಬಾನೆಟ್ ಎತ್ತಿ ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು ಅಂತಲೇ ನನ್ನ ಲೆಕ್ಕ.

ಮೂರು ವರ್ಷ ಹಿಡಿಯಿತು ಅದನ್ನು ಎಬ್ಬಿಸಲು. ತುಕ್ಕು ತಿಂದ ನೆಲಕ್ಕೆ ಎಣ್ಣೆ ಡಬ್ಬಿಯ ತಗಡು ಬೆಸೆದ. ಫ್ಯಾನಿಗೆ ಹಿಟ್ಟಿನ ಗಿರಣಿಯ ಬೆಲ್ಟು ಹಾಕಿದ. ಆ ಕಾರಿನ ಎಡಗಡೆಯ ಚಕ್ರಗಳ ನಟ್ಟುಗಳು ಉಲ್ಟಾ ತಿರುಗುತ್ತವೆ. ಗೊತ್ತಿಲ್ಲದೆ ಹಡಗಲಿಯ ಪಂಚರ್ ಅಂಗಡಿಯವನೊಬ್ಬ ಬಲ ಹಾಕಿ ಎರಡು ಬೋಲ್ಟು ಮುರಿದಾಗ ಉಚ್ಚಂಗೆಪ್ಪ ಎರಡು ದಿನ ಊಟ ಬಿಟ್ಟಿದ್ದ. ಎಂಜಿನ್ ಮಾತ್ರ ಕಾರಿನ ಸ್ವಂತದ್ದೇ ಉಳಿಯಿತು. ಆರು ಸಿಲಿಂಡರ್, ಒಂದು ಮಗ್ಗುಲಿಗೆ ವಾಲಿಸಿ ಕೂರಿಸಿದ್ದು. ಹಳ್ಳಿಗಳ ಕಡೆ ಹೋದರೆ ಜನ ಬಾನೆಟ್ ಒಳಗೆ ಇಣುಕಿ, "ಎಂಜಿನ್ ವಾಲೈತಲ್ಲೋ, ಬಿಚ್ಚಿಕೆಂಡೈತೇನೋ" ಎಂದು ಗಾಬರಿಯಾಗುತ್ತಿದ್ದರು. ಅವನಿಗೆ ಅದೊಂದು ಹೆಮ್ಮೆ.

ಹೆಂಡತಿ ಮೈಲಮ್ಮ ಆ ಕಾರಿನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ನನ್ನ ಸವತಿ ಹೆಂಗದಾಳ ಇವತ್ತು?" ಎಂದೇ ವಿಚಾರಿಸುತ್ತಿದ್ದಳು. ಕುರಿ ನೋಡಿಕೊಂಡು, ಮನೆ ನೋಡಿಕೊಂಡು, ಮಧ್ಯಾಹ್ನ ಶೆಡ್ಡಿಗೆ ಬುತ್ತಿ ತಂದುಕೊಟ್ಟು, ಗಂಡ ಉಣ್ಣುವವರೆಗೆ ಕಾರಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಅವನ ಕಿವಿ ಹೋದದ್ದು ತೊಂಬತ್ತನಾಲ್ಕರಲ್ಲಿ. ಲಾರಿಯ ಟೈರಿಗೆ ಗಾಳಿ ತುಂಬುವಾಗ ಅದು ಪಕ್ಕದಲ್ಲೇ ಸಿಡಿಯಿತು. ಎರಡೂ ಕಿವಿಯ ಪರದೆ ಹರಿದವು, ಸೋರಿದವು, ವರ್ಷಗಟ್ಟಲೆ ವಾಸಿಯಾಗಲಿಲ್ಲ. ಕಿವಿಗೆ ಹಾಕುವ ಯಂತ್ರವನ್ನೂ ತಂದರು; ಅದು ಸೀಟಿ ಹೊಡೆಯುತ್ತದೆಂದು ಬಿಚ್ಚಿಟ್ಟ. ಗುರುತಿನವರು ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ, ಅಷ್ಟೆ. ಎಂಜಿನ್ನಿನ ಸದ್ದೇ ಕೇಳದ ಮೆಕ್ಯಾನಿಕ್ ಏನು ಮಾಡಿಯಾನು? ಕುರಿ ಕಾಯಲು ಹೋಗುತ್ತೇನೆ ಎಂದು ಕೂತುಬಿಟ್ಟಿದ್ದ.

ಒಂದು ದಿನ ಎರಡೂ ಕೈಗೆ ಕೆಲಸವಿದ್ದುದರಿಂದ ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡು ಪ್ಲಿಮತ್ತಿನ ಮೇಲೆ ಬಗ್ಗಿದ್ದನಂತೆ. ಅದರ ತುದಿ ಓಡುತ್ತಿದ್ದ ಎಂಜಿನ್ನಿಗೆ ತಾಗಿತು. ಹುಚ್ಚು ಹಿಡಿದವನ ಹಾಗೆ ನನ್ನ ಅಂಗಡಿಗೆ ಓಡಿ ಬಂದ. "ಲೇ ಗಂಗಾಧರ, ಕೇಳ್ತೈತಿ! ತಲಿ ಒಳಗ ಕೇಳ್ತೈತಿ!" ಹಿಡಿಯನ್ನು ಮೇಲಿನ ಹಲ್ಲಿಗೆ ಒತ್ತಿದರೆ ಸದ್ದು ಹಲ್ಲಿನಿಂದ ಬುರುಡೆಗೆ ಹೋಗಿ, ಹರಿದ ಪರದೆಯ ಹಂಗಿಲ್ಲದೆ ಒಳಗೇ ಕೇಳಿಸುತ್ತಿತ್ತು. ಅಲ್ಲಿಂದ ಮೂವತ್ತು ವರ್ಷ ಆ ಕಾರಿನ ಸದ್ದೊಂದನ್ನೇ ಅವನು ಲೋಕದಲ್ಲಿ ಕೇಳಿದ್ದು. ಹೆಂಡತಿಯ ದನಿಯನ್ನೂ ಕೇಳಿಲ್ಲ. ಮೈಲಮ್ಮನಿಗೆ ಸಿಟ್ಟು ಬರುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಹಲ್ಲುಗಳು ಎಷ್ಟು ದಿನ ಬಂದಾವು? ತಂಬಾಕು ಒಂದೊಂದನ್ನೇ ಕಿತ್ತಿತು. ಹೋದ ವರ್ಷದ ಹೊತ್ತಿಗೆ ಮೇಲೆ ಒಂದೇ ಒಂದು ಉಳಿದಿತ್ತು, ಕೆಳಗೆ ಒಂದೂ ಇರಲಿಲ್ಲ. ಆ ಒಂದೂ ಅಲ್ಲಾಡುತ್ತಿತ್ತು. ವಸಡು ಬಾತು ಕೆನ್ನೆ ಊದಿದಾಗ ಮೈಲಮ್ಮ ಅವನನ್ನು ಹರಪನಹಳ್ಳಿಗೆ, ಹಲ್ಲಿನ ಡಾಕ್ಟರು ಗೀತಾಂಜಲಿ ಅವರ ಹತ್ತಿರ ಎಳೆದೊಯ್ದಳು. ಜೊತೆಗೆ ನಾನು. ನನಗೇನು ಕರ್ಮವೋ, ಅವನ ಪರವಾಗಿ ಮಾತಾಡಲು ಎಲ್ಲ ಕಡೆಗೂ ನಾನೇ ಹೋಗಬೇಕು.

"ಯಜಮಾನ್ರೆ, ಈ ಮೇಲಿನ ಹಲ್ಲು ತೆಗೀಲೇಬೇಕು. ಕೀವು ತುಂಬೈತಿ," ಎಂದರು ಡಾಕ್ಟರು.

ನಾನು ಅದನ್ನೇ ತುಟಿ ಕಾಣುವಂತೆ ಹೇಳಿದಾಗ ಉಚ್ಚಂಗೆಪ್ಪ ಕೈ ಮುಗಿದ. "ತಾಯೀ, ಟ್ಯಾಪೆಟ್ ಕೆಲಸ ಐತ್ರಿ. ಅದು ಮುಗೀಲಿ, ಆಮ್ಯಾಗ ಬೇಕಾದ್ರ ನಾಲಿಗಿನೂ ತಗೀರಿ."

ಡಾಕ್ಟರು ನನ್ನ ಮುಖ ನೋಡಿದರು. ಹಲ್ಲಿಗೂ ಟ್ಯಾಪೆಟ್ಟಿಗೂ ಇರುವ ಸಂಬಂಧ ವಿವರಿಸಲು ನನಗೆ ಕಾಲು ಗಂಟೆ ಬೇಕಾಯಿತು. ಕೊನೆಗೆ ಅವರು ಮಾತ್ರೆ ಬರೆದುಕೊಟ್ಟು, ಒಂದೇ ವಾರ, ಅದಕ್ಕಿಂತ ಹೆಚ್ಚು ಬಿಡಬೇಡಿ ಎಂದರು.

ಟ್ಯಾಪೆಟ್ಟಿನ ಸಂಗತಿ ಇಷ್ಟು. ಎಂಜಿನ್ನಿನ ತಲೆಯ ಮೇಲೆ ಹನ್ನೆರಡು ವಾಲ್ವುಗಳಿವೆ, ತೆರೆದು ಮುಚ್ಚುವ ಸಣ್ಣ ಬಾಗಿಲುಗಳಿದ್ದ ಹಾಗೆ. ಒಂದೊಂದನ್ನೂ ಕುಟ್ಟಿ ತೆರೆಯಲು ಒಂದೊಂದು ಸಣ್ಣ ಕೈ. ಆ ಕೈಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು; ಅದನ್ನು ಸರಿಮಾಡುವುದೇ ಟ್ಯಾಪೆಟ್ ಕೆಲಸ. ಹೆಚ್ಚಾದರೆ ಟಕಟಕ ಎನ್ನುತ್ತದೆ, ಕಡಿಮೆಯಾದರೆ ವಾಲ್ವ್ ಸುಡುತ್ತದೆ. ಹೊಸ ಎಂಜಿನ್ನಾದರೆ ಆ ಸಂದಿನಲ್ಲಿ ಅಳತೆಯ ತಗಡು ತೂರಿಸಿ ಸರಿಮಾಡಬಹುದು. ಇದರಲ್ಲಿ ಅರವತ್ತು ವರ್ಷದ ಸವೆತಕ್ಕೆ ಆ ಕೈಗಳ ತುದಿಯಲ್ಲಿ ತಗ್ಗು ಬಿದ್ದಿದೆ. ತಗಡು ತಗ್ಗಿನ ಮೇಲೆ ಹಾದು ಸುಳ್ಳು ಲೆಕ್ಕ ಹೇಳುತ್ತದೆ. ಎಂಜಿನ್ ಓಡುತ್ತಿರುವಾಗಲೇ ಸದ್ದು ಕೇಳಿ ಆ ಕೈಗಳ ನಟ್ಟು ತಿರುಗಿಸಬೇಕು, ಬೇರೆ ದಾರಿಯಿಲ್ಲ.

ಈ ಟಕಟಕವೇ ಈಗ ಕುತ್ತಿಗೆಗೆ ಬಂದಿತ್ತು. ಜಂಬಣ್ಣನವರ ಮೊಮ್ಮಗ ಪ್ರವೀಣಕುಮಾರ್, ಈಗಿನ ಯಜಮಾನ, ಹೊಸಪೇಟೆಯಲ್ಲಿ ನಡೆಯಲಿದ್ದ ಹಳೇ ಕಾರುಗಳ ಮೆರವಣಿಗೆಗೆ ಹೆಸರು ಕೊಟ್ಟಿದ್ದ. ಹಗರಿಬೊಮ್ಮನಹಳ್ಳಿಯವರೆಗೆ ಓಡಿಸಿ ನೋಡಿ ಬಂದವನು ಮುಖ ಸಿಂಡರಿಸಿಕೊಂಡು ಇಳಿದ. ಕೆಟ್ಟ ಹುಡುಗನಲ್ಲ ಅವನು. ಉಚ್ಚಂಗೆಪ್ಪನ ಎದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

"ಉಚ್ಚಂಗಣ್ಣ, ಹತ್ತು ಮಂದಿ ನಡುವ ಹಿಂಗ ಕುಟ್ಟಿಕೋಂತ ಹೋದ್ರ ನಮ್ಮ ಅಜ್ಜನ ಮರ್ಯಾದಿ ಏನಾಗ್ತೈತಿ? ಭಾನುವಾರದ ತನಕ ನೋಡು. ಆಗಲಿಲ್ಲಂದ್ರ ಸೋಮವಾರ ದಾವಣಗೆರಿಂದ ಲಾರಿ ಬರ್ತೈತಿ. ಹಳೇ ಎಂಜಿನ್ ತಗದು ಡೀಸೆಲ್ ಎಂಜಿನ್ ಕುಂದ್ರಸ್ತಾರ."

"ಹಳೇದನ್ನ ಏನ್ ಮಾಡ್ತಾರ ಸಾವ್ಕಾರ್ರ?"

"ಗುಜರಿಗೆ ಹಾಕ್ತಾರ, ಮತ್ತೇನ್ ಮಾಡ್ತಾರ?"

ಆ ರಾತ್ರಿ ಉಚ್ಚಂಗೆಪ್ಪ ಉಣ್ಣಲಿಲ್ಲವೆಂದು ಮರುದಿನ ಮೈಲಮ್ಮ ಹೇಳಿದಳು. ಡೀಸೆಲ್ ಎಂಜಿನ್ನಿನ ಕಾರನ್ನು ಯಾವ ಮೆಕ್ಯಾನಿಕ್ಕಾದರೂ ನೋಡಿಕೊಳ್ಳಬಹುದು. ಅರವತ್ತಾರು ವರ್ಷದ ಕಿವುಡನನ್ನು ಅದಕ್ಕೆ ಯಾರು ಕರೆಯುತ್ತಾರೆ? ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಎಂಜಿನ್ನಿನ ಮೇಲುಮುಚ್ಚಳ ಬಿಚ್ಚಿ, ಕಾರು ಚಾಲೂ ಮಾಡಿ, ಸ್ಕ್ರೂಡ್ರೈವರ್ ಕಚ್ಚಿ ಬಗ್ಗಿದ. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದಕ್ಕೆ ಕೈ ಹಾಕಿದಾಗ ಎಂಜಿನ್ ಒಮ್ಮೆ ಜಗ್ಗಿತು. ಸ್ಕ್ರೂಡ್ರೈವರ್ ಜಾರಿ ಬಿತ್ತು. ಜೊತೆಗೆ ಹಲ್ಲೂ ಬಿತ್ತು. ಹಲ್ಲು ನೆಲಕ್ಕೆ ಬೀಳಲಿಲ್ಲ, ತೆರೆದ ಎಂಜಿನ್ನಿನ ಒಳಗೆ ಬಿತ್ತು.

ನಾನು ಓಡಿಹೋಗಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಬಾಯಿತುಂಬ ರಕ್ತ ಇಟ್ಟುಕೊಂಡು ಆ ಪುಣ್ಯಾತ್ಮ ಟಾರ್ಚು ಹುಡುಕುತ್ತಿದ್ದ. ಆಯಿಲ್ ಬಸಿದೆವು. ಕರ್ರಗಿನ ಆಯಿಲ್ ಜೊತೆ ಅವನ ಹಲ್ಲು ಬಂದು ತಟ್ಟೆಯಲ್ಲಿ ಟಣ್ ಎಂದಿತು. ಬುತ್ತಿ ತಂದಿದ್ದ ಮೈಲಮ್ಮ ಅದನ್ನು ನೋಡಿದಳು.

"ನಲವತ್ತು ವರ್ಷದಿಂದ ಇದು ಎಲ್ಲಾ ತಿಂದಿತ್ತು. ಒಂದು ಹಲ್ಲು ಉಳಿದಿತ್ತು, ಅದನ್ನೂ ತಿಂತು," ಎಂದಳು. ಅವಳು ನಗಲಿಲ್ಲ. ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಆಯಿಲ್ ತುಂಬಿ ಮತ್ತೆ ಚಾಲೂ ಮಾಡಿದ. ಸ್ಕ್ರೂಡ್ರೈವರನ್ನು ಹಣೆಗೆ ಒತ್ತಿದ, ಕಿವಿಯ ಹಿಂದಿನ ಎಲುಬಿಗೆ ಒತ್ತಿದ, ನೋಯುವ ವಸಡಿಗೇ ಒತ್ತಿದ. "ಗುಂ ಅಂತೈತಿ, ಅಷ್ಟ. ಬ್ಯಾರೆ ಬ್ಯಾರೆ ಕೇಳವಲ್ದು," ಎಂದ. ನಾನೂ ಕಚ್ಚಿ ನೋಡಿದೆ. ನನಗೆ ಹನ್ನೆರಡೂ ಒಂದೇ ಗದ್ದಲ. ಸುಮ್ಮನೆ ಬಾಯಿಗೆ ಬಂದ ನಂಬರ್ ಹೇಳಿ ಅವನ ವಾಲ್ವ್ ಸುಡಿಸಲು ನಾನು ತಯಾರಿರಲಿಲ್ಲ.

ಹನ್ನೊಂದಕ್ಕೆ ಪ್ರವೀಣಕುಮಾರ್ ಬಂದ. ಸ್ವಲ್ಪ ಹೊತ್ತು ಟಕಟಕ ಕೇಳಿದ. "ಸಾಕು ಬಿಡಣ್ಣ. ನೀನು ಮಾಡೋದೆಲ್ಲಾ ಮಾಡೀದಿ," ಎಂದ.

ಉಚ್ಚಂಗೆಪ್ಪ ಆ ತುಟಿಗಳನ್ನು ನೋಡಿ, ಹಳೇ ಟೈರಿನ ಮೇಲೆ ಕುಸಿದು ಕೂತು ಅತ್ತ. ಮುಖ ಮುಚ್ಚಿಕೊಳ್ಳಲೂ ಇಲ್ಲ. ಮೂವತ್ತೆಂಟು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮೈಲಮ್ಮ ಬುತ್ತಿಯ ಗಂಟನ್ನು ಕೆಳಗಿಟ್ಟಳು. "ಕೊಡ್ರಿ ಇಲ್ಲಿ," ಎಂದು ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, ಸೆರಗಿನಿಂದ ಹಿಡಿ ಒರೆಸಿ, ಕಚ್ಚಿದಳು. ಅರವತ್ತು ದಾಟಿದ್ದರೂ ಅವಳ ಹಲ್ಲು ಒಂದೂ ಬಿದ್ದಿಲ್ಲ. ಹಟ್ಟಿಯಲ್ಲಿ ಕುರಿ ಕೆಮ್ಮಿದರೆ ಕತ್ತಲಲ್ಲೇ ಇದು ಇಂಥ ಕುರಿ ಎಂದು ಹೇಳುವ ಹೆಂಗಸು ಅವಳು. ಗಂಡ ಎದ್ದು ಬಂದು ಬೆರಳಲ್ಲಿ ತೋರಿಸಿದ ಕಡೆಯೆಲ್ಲ ತುದಿ ಇಡುತ್ತ ಹೋದಳು. ಮೂರನೆಯದಕ್ಕೆ ಸರಿಯಿದೆ ಎಂಬಂತೆ ತಲೆಯಾಡಿಸಿದಳು. ನಾಲ್ಕಕ್ಕೂ ಅಷ್ಟೆ. ಐದನೆಯದರಲ್ಲಿ ನಿಂತು, ಸ್ಕ್ರೂಡ್ರೈವರ್ ತೆಗೆದು, "ಇದು. ಕುಂಟತೈತಿ," ಎಂದಳು.

ಅವನು ಪಾನಾ ಹಿಡಿದು ಬಗ್ಗಿದ. ಈಗ ತೊಡಕು ಬೇರೆ. ಅವನ ಕಣ್ಣು ನಟ್ಟಿನ ಮೇಲೆ, ಅವಳ ಬಾಯಲ್ಲಿ ಸ್ಕ್ರೂಡ್ರೈವರ್; ಎಷ್ಟು ತಿರುಗಿಸಬೇಕೆಂದು ಹೇಳುವುದು ಹೇಗೆ? ಅವಳು ಎಡಗೈಯನ್ನು ಅವನ ಬೆನ್ನ ಮೇಲಿಟ್ಟಳು. ಒಂದು ಬೆರಳಿಂದ, ತನಗೆ ಕೇಳಿಸಿದ ಹಾಗೆಯೇ, ಟಕ್ ಟಕ್ ಟಕ್ ಎಂದು ಬಡಿಯತೊಡಗಿದಳು.

ಉಚ್ಚಂಗೆಪ್ಪನ ಬೆನ್ನು ಒಮ್ಮೆ ನೆಟ್ಟಗಾಯಿತು. ಅವನಿಗೆ ತಿಳಿಯಿತು. ಪಾನಾ ತಿರುಗಿಸಿದ, ಬೆರಳು ಜೋರಾಗಿ ಬಡಿಯಿತು. ಉಲ್ಟಾ ತಿರುಗಿಸಿದ, ಮೆತ್ತಗಾಯಿತು. ಕೂದಲೆಳೆಯಷ್ಟು ಮತ್ತೆ ತಿರುಗಿಸಿದ. ಮೆತ್ತಗೆ, ಇನ್ನೂ ಮೆತ್ತಗೆ. ಹಾಗೆ ಐದನೆಯದು ಮುಗಿದು, ಒಂಬತ್ತನೆಯದು ಸಿಕ್ಕಿತು. ಅದು ಎಲ್ಲಕ್ಕಿಂತ ಕೆಟ್ಟಿತ್ತು. ಎಷ್ಟೋ ಸಲ ಹಿಂದೆ ಮುಂದೆ ಮಾಡಿದ ಮೇಲೆ ಬೆರಳು ಇದ್ದಕ್ಕಿದ್ದಂತೆ ನಿಂತಿತು.

"ಯಾಕ ನಿಲ್ಲಿಸಿದಿ? ಬಡಿ! ಬಡಿ ಅಂದ್ರ!" ತಲೆ ಎತ್ತದೆ ಕಿರುಚಿದ.

ಮೈಲಮ್ಮ ಬಾಯಿಂದ ಸ್ಕ್ರೂಡ್ರೈವರ್ ತೆಗೆದಳು. ಆಯಿಲ್ ಮೆತ್ತಿದ ಕೈಯಿಂದ ಅವನ ಗದ್ದ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಾ ನಿಲ್ಲಿಸಿಲ್ರೀ. ಅದ ನಿಂತೈತಿ."

ಶೆಡ್ಡಿನಲ್ಲಿ ಎಂಜಿನ್ ಓಡುತ್ತಿತ್ತು, ಟಕಟಕ ಇರಲಿಲ್ಲ. ಪ್ರವೀಣಕುಮಾರ್ ಫೋನ್ ತೆಗೆದು, ಲಾರಿ ಬೇಡ ಎಂದು ದಾವಣಗೆರೆಗೆ ಹೇಳಿದ. ನಾನು ಕಣ್ಣೊರೆಸಿಕೊಂಡು, ಗಿರಾಕಿ ಬಂದಿದ್ದಾನೇನೋ ಎಂದು ಅಂಗಡಿಯ ಕಡೆ ನೋಡಿದೆ. ಯಾರೂ ಬಂದಿರಲಿಲ್ಲ.

"ಹೆಂಗೈತಿ ಈಗ?" ಎಂದು ಅವನು ಹೆಂಡತಿಯನ್ನು ಕೇಳಿದ.

"ಚೆಂದೈತಿ."

"ಚೆಂದೈತಿ ಅಂದ್ರ ಹೆಂಗ?"

ಅವಳು ಮತ್ತೆ ಸ್ಕ್ರೂಡ್ರೈವರ್ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಇಟ್ಟು, ಅವನ ಬೆನ್ನ ಮೇಲೆ ಈ ಸಲ ಐದೂ ಬೆರಳು ಆಡಿಸಿದಳು. ಒಂದೇ ಸಮನೆ, ಹಗುರಾಗಿ, ಎಲ್ಲೂ ತಪ್ಪದೆ. ಉಚ್ಚಂಗೆಪ್ಪ ಎರಡೂ ಕೈಯನ್ನು ಮಡ್ಗಾರ್ಡಿನ ಮೇಲೆ ಊರಿ ಕಣ್ಣು ಮುಚ್ಚಿದ.

ಬಹಳ ಹೊತ್ತಾದ ಮೇಲೆ ಅವಳು ಕೈ ತೆಗೆದಳು.

ಕಣ್ಣು ತೆರೆಯದೆ ಅವನು, "ಇನ್ನೊಂದೀಟು," ಎಂದ.