ಚೀಟಿಯ ಹಿಂಬದಿ

ಹದಿನೈದು ದಿನಗಳ ಹಿಂದೆ ಕಾಲೇಜಿನಲ್ಲಿ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟ್ ವರದಿಯನ್ನು ಬೈಂಡ್ ಮಾಡಿಸಿಕೊಂಡು ನೇರವಾಗಿ ನನ್ನ ಮೇಜಿಗೆ ತಂದಿಟ್ಟಳು. ರಟ್ಟು ಇನ್ನೂ ಹಸಿಯಾಗಿತ್ತು. ಮೈದಾಹಿಟ್ಟು ಕುದಿಸಿ, ಹುಳ ಹತ್ತದಿರಲೆಂದು ಚೂರು ಮೈಲುತುತ್ತ ಬೆರೆಸಿದ ಅಂಟಿನ ವಾಸನೆ. ಈಗ ಹಾಗೆ ಅಂಟು ಕಾಯಿಸುವವರು ಕಡಿಮೆ, ಎಲ್ಲರದೂ ಡಬ್ಬಿಯ ಬಿಳಿ ಅಂಟು. ನಾನು ವರದಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬಿಸಿಲಿಗೆ ಇಟ್ಟೆ.

"ವಾಸನಿ ಬರಾಕತ್ತೈತೇನ್ರಿ ಸರ್?" ಎಂದಳು.

"ಇಲ್ಲ, ಆರಲಿ" ಎಂದೆ. ಚರ್ಚಾಸ್ಪರ್ಧೆಗೆ ಅವಳನ್ನು ತಯಾರು ಮಾಡುವುದು ನನ್ನ ಆ ದಿನದ ಕೆಲಸವಾಗಿತ್ತು. ಮಾಡಲಿಲ್ಲ.

ಆ ವಾಸನೆಯ ಯಜಮಾನರು ಧಾರವಾಡದ ಹಳೇ ಪೇಟೆಯ ಒಂದು ಓಣಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಮನಸ್ಸು ಚೆನ್ನಾಗಿದ್ದಾಗ ತಮ್ಮಾ ಎಂದೂ, ಇಲ್ಲದಾಗ ವಕೀಲಸಾಹೇಬ್ರ ಎಂದೂ ಕರೆಯುತ್ತಿದ್ದರು. ನಾನು ವಕೀಲನಲ್ಲ. ಪದವಿ ಓದುತ್ತಿದ್ದ ಆ ಮೂರು ವರ್ಷ ಊರೂರಿಗೆ ಹೋಗಿ ಚರ್ಚಾಸ್ಪರ್ಧೆಯ ಕಪ್ಪು ಹೊತ್ತು ತರುತ್ತಿದ್ದೆ, ಅಷ್ಟೆ.

ಅವರ ಮುಖ್ಯ ಕೆಲಸ ಮಸೀದಿಗಳ ಹಳೆಯ ಕಿತಾಬುಗಳದ್ದು. ಓದಿ ಓದಿ ಬೆನ್ನು ಬಿಟ್ಟುಹೋದ ಪವಿತ್ರ ಗ್ರಂಥಗಳನ್ನು ಸುತ್ತಲಿನ ಹಳ್ಳಿಗಳವರು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಅವನ್ನು ಮುಟ್ಟುವ ಮೊದಲು ಕಾಕಾ ಕೈಕಾಲು ಮುಖ ತೊಳೆದುಕೊಂಡು ಬಂದು ಕೂರುವರು. ಉಳಿದಂತೆ ಮಠದ ಪುಸ್ತಕ, ಕೋರ್ಟಿನ ಕಡತ, ನಮ್ಮಂಥವರ ಪ್ರಬಂಧ, ಎಲ್ಲ ಬರುತ್ತಿತ್ತು. ಯಾವುದೇ ಪುಸ್ತಕವಾಗಲಿ, ಹೊಲಿಯುವ ಮೊದಲು ಹಾಳೆ ಎಣಿಸುವರು. ಪುಟ ತಪ್ಪಿದ್ದರೆ, ತಲೆಕೆಳಗಾಗಿದ್ದರೆ, ಎರಡು ಸಲ ಬಂದಿದ್ದರೆ, ಕತ್ತರಿಸಿ ಉಳಿದ ಅಂಚಿನ ಪಟ್ಟಿಯೊಂದರ ಮೇಲೆ ಪೆನ್ಸಿಲಿನಲ್ಲಿ ಬರೆದು ಅಲ್ಲಿ ಇಡುವರು. ತಾವಾಗಿ ಏನನ್ನೂ ಸರಿಪಡಿಸುತ್ತಿರಲಿಲ್ಲ.

"ತಪ್ಪ ಐತಿ ಅಂತ ಹೇಳೂದು ನನ್ನ ಕೆಲಸ. ತಿದ್ದೂದು ಪುಸ್ತಕದಾಂವಂದು."

ಸಾಧು ಸಂತರೇನೂ ಅಲ್ಲ. ಬಾಯಿ ಕೆಟ್ಟದ್ದು. ನನ್ನ ಅಕ್ಷರ ನೋಡಿ, "ಕೋಳಿ ಕಾಲಿಗಿ ಮಸಿ ಹಚ್ಚಿ ಬಿಟ್ಟೀಯೇನು?" ಎಂದಿದ್ದರು. ದೇವರಿಲ್ಲ ಎಂದು ನಾನು ವಾದಿಸಿದರೆ ಕಣ್ಣೆತ್ತದೆ, "ಇಲ್ಲದಾಂವನ ಮ್ಯಾಲೆ ಇಷ್ಟ್ಯಾಕ ಸಿಟ್ಟು?" ಎನ್ನುವರು. ಗೆದ್ದು ತಂದ ಕಪ್ಪನ್ನು ತೋರಿಸಿದರೆ ಬೆರಳಿನಿಂದ ಬಡಿದು ಸದ್ದು ಕೇಳಿ, "ಪೊಳ್ಳ ಐತಿ" ಎಂದು ವಾಪಸು ಕೊಡುವರು.

ನಾನು ಆ ಕಾಲದಲ್ಲಿ ಜ್ಯೋತಿಷ್ಯ, ಪಾದಪೂಜೆ, ಮಡಿಮೈಲಿಗೆಗಳ ಮೇಲೆ ಜಾಲತಾಣದಲ್ಲಿ ಬರೆಯುತ್ತಿದ್ದೆ. ಪ್ರತಿಸಲವೂ ಕೆಳಗೆ ಅದೇ ಸವಾಲು: "ಅವರ ಬಗ್ಗೆ ಬರಿ ನೋಡೋಣು, ಧಮ್ ಇದ್ರ." ನನಗೆ ಚುಚ್ಚಿತು. ಇಸ್ಲಾಮಿನ ಕುರಿತು ಇಪ್ಪತ್ತೆರಡು ಪ್ರಶ್ನೆಗಳ ಪುಸ್ತಿಕೆ ಬರೆದೆ. ಧರ್ಮ ಬಿಟ್ಟವನು ಯಾಕೆ ಅಡಗಿ ಬದುಕಬೇಕು? ಒಂದು ಚಿತ್ರಕ್ಕೆ, ಒಂದು ಮಾತಿಗೆ ಜೀವ ತೆಗೆಯುವ ಹಕ್ಕನ್ನು ಕತ್ತಿ ಹಿಡಿದವನಿಗೆ ಕೊಟ್ಟವರು ಯಾರು? ಅವನು ನಮ್ಮವನಲ್ಲ ಎಂದು ಹೇಳಲು ಉಳಿದವರು ಯಾಕೆ ತಡಮಾಡುತ್ತಾರೆ? ಇವತ್ತೂ ಅವು ನನ್ನ ಪ್ರಶ್ನೆಗಳೇ. ಒಂದನ್ನೂ ವಾಪಸು ತೆಗೆದುಕೊಂಡಿಲ್ಲ.

ಆದರೆ ಪ್ರಶ್ನೆ ಕೇಳುವವನಿಗೆ ಉತ್ತರ ಬೇಕಾಗಿರುತ್ತದೆ. ನನಗೆ ಏಟು ಬೇಕಾಗಿತ್ತು. ಟೀಕಿಸಿದರೆ ಹೊಡೆಯುತ್ತಾರೆ ಎಂಬ ವಾದಕ್ಕೆ ತುಟಿಯ ಮೇಲೊಂದು ಗಾಯ ಇದ್ದರೆ ಬೇರೆ ಪುರಾವೆ ಯಾಕೆ? ಊರಿನಲ್ಲಿ ಎಷ್ಟೋ ಬೈಂಡಿಂಗ್ ಅಂಗಡಿಗಳಿದ್ದವು. ಬೇಕೆಂದೇ ಕಾಕಾನ ಕೈಗೆ ಕೊಟ್ಟೆ.

ಎರಡು ದಿನ ಬಿಟ್ಟು ಹೋದೆ. ಪುಸ್ತಿಕೆಗಳ ಕಟ್ಟು ದಾರ ಬಿಗಿದು ಸಿದ್ಧವಾಗಿತ್ತು.

"ಬರ್ರಿ ವಕೀಲಸಾಹೇಬ್ರ. ನಿಮ್ಮ ಬಾಂಬು ಹೊಲ್ಯಾಕ ನಮ್ಮಾಂವನ ಬೇಕಾದ್ನೇನು?"

"ಓದಿದ್ರೇನು ಕಾಕಾ? ಸಿಟ್ಟ ಬರಲಿಲ್ಲ?"

"ಬಂತು, ಬರದೇನ? ಸಿಟ್ಟ ಬಂದಾಗೊಮ್ಮೆ ದಾರ ಬಿಗೀ ಎಳದೇನಿ. ನಿನ್ನ ಪುಸ್ತಕ ಇನ್ನ ಹರಿಯೂದಿಲ್ಲ ಹೋಗು."

ಎಲ್ಲಕ್ಕಿಂತ ಮೇಲಿದ್ದ ಪ್ರತಿಯಿಂದ ಚೀಟಿಗಳ ತುದಿಗಳು ಹೊರಗೆ ಕಾಣುತ್ತಿದ್ದವು. ಹನ್ನೊಂದು. ಪುಟ ತಪ್ಪಿದಲ್ಲಿ ಇಡುತ್ತಿದ್ದ ಅದೇ ಅಂಚಿನ ಪಟ್ಟಿಗಳು, ಅದೇ ಪೆನ್ಸಿಲು. ಒಂದು ಚಿತ್ರದ ವಿರುದ್ಧ ನಡೆದ ಗಲಾಟೆಯ ಕುರಿತ ಪುಟದಲ್ಲಿದ್ದ ಒಂದರಲ್ಲಿ ಹೀಗಿತ್ತು: "ರಸ್ತೇಕ ಇಳದವರ ಸುದ್ದಿ ಬರದೀದಿ. ಅವತ್ತು ನಾ ಅಂಗಡ್ಯಾಗ ಕುಂತು ನಿಮ್ಮ ಕಾಲೇಜಿನ ಹಾಜರಿ ಪುಸ್ತಕ ಹೊಲದೆ. ಅದರ ಸುದ್ದಿ ಯಾರು ಬರೀಬೇಕು?"

"ಒಬ್ಬ ಮನುಷ್ಯಾ ಪುರಾವೆ ಆಗೂದಿಲ್ಲ ಕಾಕಾ" ಎಂದೆ.

"ಹಂಗಾರ ಕತ್ತಿ ಹಿಡದಾಂವನೂ ಒಬ್ಬನಽ ಅಲ್ಲಪಾ?"

ನಾನು ಜೋರಾಗಿ ನಕ್ಕೆ. ಉತ್ತರ ಹೊಳೆಯದಾಗ ಜೋರಾಗಿ ನಗಬೇಕೆಂದು ನಮಗೆ ಕಲಿಸಿದ್ದರು. ಧರ್ಮ ಬಿಟ್ಟವನ ಪ್ರಶ್ನೆಯ ಮುಂದಿನ ಚೀಟಿಯಲ್ಲಿ ಮಾತ್ರ, "ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ನನಗೂ ತ್ರಾಸ ಆಗತೈತಿ" ಎಂದಿತ್ತು. ನನಗೆ ಗೊತ್ತಿರುವ ಯಾವ ಭಾಷಣಕಾರನೂ, ನಾನೂ ಸೇರಿ, ಅಷ್ಟನ್ನು ಬರೆದುಕೊಟ್ಟದ್ದಿಲ್ಲ.

ಕೊನೆಯ ಪ್ರಶ್ನೆಯ ಚೀಟಿ ಎಲ್ಲಕ್ಕಿಂತ ಉದ್ದ. ಪಟ್ಟಿ ಸಣ್ಣದಿದ್ದುದರಿಂದ ಮಾತು ಹಿಂಬದಿಗೂ ಹರಿದಿತ್ತು. ಮುಂದಿನ ಬದಿಯಲ್ಲಿ: "ಇದನ್ನ ಮಂದಿ ನಡುವ ಓದಿದ್ರ ನಿನ್ನ ಜೀವಕ್ಕ ಛಲೋ ಆಗೂದಿಲ್ಲ. ಅಂಥಾವ್ರು ನಮ್ಮಾಗ ಅದಾರ." ಹಿಂದೆ ಹೊಳ್ಳಿಸಿದರೆ: "ಸುಳ್ಳ ಯಾಕ ಹೇಳ್ಲಿ. ಯಾರರ ಬಂದ್ರ ಸೀದಾ ನನ್ನ ಅಂಗಡಿಗಿ ಬಾ. ನಾ ಮುಂದ ನಿಂದರತೇನಿ. ಕೇಳೂದು ಬಿಡಬ್ಯಾಡ."

ಅದನ್ನು ನಾನು ಅಂಗಡಿಯಲ್ಲೇ ಓದಿದ್ದೆ, ಎರಡೂ ಬದಿ. ಮಡಚಿ ಜೇಬಿಗಿಟ್ಟೆ.

ಒಂದೂವರೆ ತಿಂಗಳ ಮೇಲೆ ಧಾರವಾಡದಲ್ಲಿ ಅಂತರಕಾಲೇಜು ಚರ್ಚೆಯ ಸೆಮಿಫೈನಲ್. ಟೀಕೆಯನ್ನು ಶಾಂತವಾಗಿ ಎದುರಿಸುವ ಶಕ್ತಿ ಇಸ್ಲಾಮಿಗೆ ಇದೆ ಎಂಬುದು ವಿಷಯ, ಫೈನಲ್ಲಿಗೂ ಅದೇ. ನಾನು ವಿರೋಧದಲ್ಲಿ. ಪರವಾಗಿ ಹುಬ್ಬಳ್ಳಿಯ ಒಬ್ಬ ಹುಡುಗಿ. ಬಹಳ ಚೆನ್ನಾಗಿ ಮಾತಾಡಿದಳು. ನನ್ನ ಪುಸ್ತಿಕೆಯನ್ನೇ ಕೈಯಲ್ಲಿ ಹಿಡಿದು ಕೇಳಿದಳು: "ಇದು ಹೊರಬಂದು ಆರು ವಾರ ಆತು. ನನ್ನ ಎದುರಾಳಿಯನ್ನು ಯಾರಾದರೂ ಮುಟ್ಟಿದ್ದಾರೆಯೇ? ಬೈದಿದ್ದಾರೆಯೇ? ಅವರೇ ಹೇಳಲಿ."

ಯಾರೂ ಮುಟ್ಟಿರಲಿಲ್ಲ. ಹನ್ನೊಂದು ಚೀಟಿ ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಸೋತಿದ್ದೆ, ಮತ್ತು ಹಾಗೆಂದು ನನಗೆ ತಿಳಿದಿತ್ತು.

ಎದ್ದು ನಿಂತೆ. ಜೇಬಿನಿಂದ ಆ ಕೊನೆಯ ಚೀಟಿ ತೆಗೆದು ಮುಂದಿನ ಬದಿಯನ್ನು ಸಭೆಗೆ ಹಿಡಿದೆ, ನಿಧಾನವಾಗಿ ಓದಿದೆ, ಅಲ್ಲಿಗೆ ನಿಲ್ಲಿಸಿದೆ. ಹಿಂಬದಿಯ ಮೇಲೆ ನನ್ನ ಹೆಬ್ಬೆರಳಿತ್ತು. ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಹಾಗೇ ಕೂತಳು. ಬರೆದದ್ದು ಯಾರು ಎಂದು ತೀರ್ಪುಗಾರರೊಬ್ಬರು ಕೇಳಿದರು. "ಈ ಪುಸ್ತಿಕೆ ಹೊಲಿದವರೇ" ಎಂದೆ. ಒಂದಕ್ಷರವೂ ಸುಳ್ಳಿಲ್ಲ. ಅಷ್ಟು ತರಬೇತಾದ ಮೇಲೆ ಸುಳ್ಳಿನ ಅಗತ್ಯ ಬೀಳುವುದಿಲ್ಲ.

ಸಭೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದ ಆ ವಿಡಿಯೊ ಸಂಜೆಯೊಳಗೆ ನನಗೇ ಹತ್ತು ಕಡೆಯಿಂದ ಬಂತು. ಮರುದಿನ ಬೆಳಿಗ್ಗೆ ಒಂದಷ್ಟು ಹುಡುಗರು ಗುಂಪು ಕಟ್ಟಿಕೊಂಡು ಕಾಕಾನ ಅಂಗಡಿಗೆ ನುಗ್ಗಿದರು. ನಾನು ಅವರ ಮುಖವನ್ನೂ ಕಂಡವನಲ್ಲ. ನನ್ನ ಜೀವ ಉಳಿಸಲು ಬಂದಿದ್ದರಂತೆ. "ನಮ್ಮ ಹುಡುಗಗ ಹೆದರಸ್ತೀಯೇನಲೇ?" ಎಂದು ಎರಡು ಏಟು ಹಾಕಿ, ಅಂಟಿನ ಪಾತ್ರೆಯನ್ನು ಎತ್ತಿ, ಹೊಲಿಗೆಗೆ ಬಿಚ್ಚಿಟ್ಟಿದ್ದ ಕಿತಾಬುಗಳ ಮೇಲೆ ಸುರಿದರು. ಅದರ ವಿಡಿಯೊವನ್ನೂ ಅವರೇ ಮಾಡಿದ್ದರು. ಕಾಕಾ ಕೈ ಎತ್ತಲಿಲ್ಲ. ಬಿಚ್ಚಿದ ಹಾಳೆಗಳನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು. ಬೆನ್ನ ಮೇಲೆ ಅಂಟು ಇಳಿಯುತ್ತಿತ್ತು. ಅದನ್ನು ನೋಡಿದಾಗ ನನಗೆ ಮೊದಲು ಹೊಳೆದದ್ದು: ಇವರು ತಿರುಗಿ ಹೊಡೆಯುತ್ತಿಲ್ಲ, ಫೈನಲ್‌ನಲ್ಲಿ ಯಾರಾದರೂ ಇದನ್ನು ಎತ್ತಿದರೆ ಏನು ಹೇಳಲಿ?

ಮೊದಲು ಹೊಳೆದದ್ದು ಅದು. ಬರೆದಿಡುತ್ತೇನೆ.

ಮಸೀದಿಯ ಹಿರಿಯರು ಕಾಕಾನನ್ನು ಕರೆಸಿದರು. ಅಂಥ ಪುಸ್ತಿಕೆ ಹೊಲಿದದ್ದು ಯಾಕೆ? ಹೊಲಿದ ಮೇಲೆ ಬೆದರಿಸಿದ್ದು ಯಾಕೆ? ನಿನ್ನೊಬ್ಬನಿಂದ ಇಡೀ ಓಣಿಯ ಹೆಸರು ಕೆಟ್ಟಿತು. ಚೀಟಿಯಲ್ಲಿ ಬೇರೆಯೂ ಇತ್ತು ಎನ್ನುವುದಾದರೆ ಶುಕ್ರವಾರದ ನಮಾಜಿನ ಹೊತ್ತಿಗೆ ತಂದು ತೋರಿಸು, ಇಲ್ಲವಾದರೆ ಕಿತಾಬುಗಳನ್ನು ಬೇರೆ ಕಡೆ ಕೊಡುತ್ತೇವೆ. ಪೊಲೀಸರದ್ದೂ ಅದೇ ಮಾತು: ಮೂಲ ಕಾಗದ ತಾ.

ಗುರುವಾರ ಮಧ್ಯಾಹ್ನ ಅವರು ನವನಗರದ ನಮ್ಮ ಮನೆಯ ಗೇಟಿನ ಹೊರಗೆ ನಿಂತಿದ್ದರು. ಕೆನ್ನೆ ಬಾತಿತ್ತು. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ.

"ತಮ್ಮಾ, ಆ ಚೀಟಿ ಕೊಡಪಾ. ಬ್ಯಾರೆ ಏನೂ ಬ್ಯಾಡ."

"ಒಗದೇನಿ ಕಾಕಾ."

"ಎಲ್ಲಿ?"

"ಅಲ್ಲೇ, ಚರ್ಚಾ ನಡದ ಸಭಾಂಗಣದಾಗ."

"ಬರದ ಕಾಗದ ಒಗೀತಾರೇನು..." ಎಂದರು. ಅವರ ಅಂಗಡಿಯಲ್ಲಿ ಅಕ್ಷರವಿದ್ದ ಚೂರು ಕೂಡ ಕಸಕ್ಕೆ ಹೋಗುತ್ತಿರಲಿಲ್ಲ, ಚೀಲದಲ್ಲಿ ಕೂಡಿಟ್ಟು ಹರಿಯುವ ನೀರಿಗೆ ಬಿಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಹೇಗೆಂದು ಕೇಳಬೇಡಿ, ಎದುರಾಳಿ ಸಿಕ್ಕಿಬಿದ್ದದ್ದು ಆಡುವವರಿಗೆ ತಿಳಿಯುತ್ತದೆ.

ಒಳಗಿನಿಂದ ಅವ್ವ ಕೂಗಿದಳು: "ಯಾರ್ ಬಂದಾರೋ?"

"ಯಾರಿಲ್ಲಬೇ, ಬೈಂಡಿಂಗಿನಾಂವ."

"ಹೌದ್ರಿ ತಾಯಿ, ಬೈಂಡಿಂಗಿನಾಂವ" ಎಂದು ಕಾಕಾನೂ ದನಿ ಎತ್ತಿ ಹೇಳಿದರು. "ನಿಮ್ಮ ಮಗನ ಪುಸ್ತಕದಾಗ ಒಂದು ಹಾಳಿ ಕಡಿಮಿ ಬಿದ್ದೈತಿ. ಹೇಳಿ ಹೋಗೂಣಂತ ಬಂದಿದ್ದೆ."

ಚೀಟಿ ನನ್ನ ಮೇಜಿನ ಮೇಲಿನ ನಿಘಂಟಿನೊಳಗಿತ್ತು. ಗೇಟಿನಿಂದ ಇಪ್ಪತ್ತು ಹೆಜ್ಜೆ. ಫೈನಲ್ ಇದ್ದದ್ದು ಭಾನುವಾರ.

ಶುಕ್ರವಾರ ಬಂತು, ಹೋಯಿತು. ಹಳ್ಳಿಗಳವರು ಬಂದು ಅಂಟು ಮೆತ್ತಿದ ಕಿತಾಬುಗಳನ್ನು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರಂತೆ. ಭಾನುವಾರ ನಾನು ಗೆದ್ದೆ. ಆ ಓಣಿಗೆ ಮತ್ತೆ ಕಾಲಿಡಲಿಲ್ಲ. ಕಾಕಾ ಕೆಲವು ತಿಂಗಳು ಬರೀ ಕಡತಗಳಿಗೆ ರಟ್ಟು ಹಾಕಿ, ಆಮೇಲೆ ಅಂಗಡಿ ಮುಚ್ಚಿ ಉಪ್ಪಿನಬೆಟಗೇರಿಯಲ್ಲಿ ಮಗಳ ಮನೆ ಸೇರಿದರೆಂದು ಕೇಳಿದೆ. ತೀರಿಕೊಂಡ ಸುದ್ದಿ ಗೊತ್ತಾದದ್ದು ತೀರಿಕೊಂಡು ವರ್ಷದ ಮೇಲೆ. ಆಗಲೂ ನಾನು ಎಲ್ಲಿಗೂ ಹೋಗಲಿಲ್ಲ...

ಕಾಲೇಜಿನಲ್ಲಿ ಆ ವಾಸನೆ ಮೂಗಿಗೆ ಬಡಿದ ದಿನವೇ ಮನೆಗೆ ಬಂದು ನಿಘಂಟು ತೆಗೆದೆ. ಜಾಲತಾಣದಲ್ಲಿ ಚೀಟಿಯ ಎರಡೂ ಬದಿಯ ಫೋಟೊ ಹಾಕಿ, ನಾನು ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರಗಳು ಬಂದವು. ಹೆದರಿಸಿ ಬರೆಸಿದ್ದಾರೆ. ಇಷ್ಟು ವರ್ಷ ಎಲ್ಲಿತ್ತು ಈ ಕಾಗದ? ಹಿಂದಿನ ಅಕ್ಷರ ಬೇರೆ ಕಾಣುತ್ತದೆ. ಮೂರನೆಯದನ್ನು ಬರೆದವನು ನನ್ನ ಹತ್ತಿರವೇ ಕಲಿತ ಹುಡುಗ. ಪುರಾವೆಯನ್ನು ಎಲ್ಲಿ ಹಿಡಿದು ಅಲ್ಲಾಡಿಸಬೇಕೆಂದು ತೋರಿಸಿಕೊಟ್ಟವನು ನಾನೇ. ಯಾರೋ ಕೆಳಗೆ ಹಳೆಯ ವಿಡಿಯೊಗಳೆರಡನ್ನೂ ಹಾಕಿದರು. ನನ್ನ ತಪ್ಪೊಪ್ಪಿಗೆಗಿಂತ ಅವೇ ಹೆಚ್ಚು ಓಡಿದವು.

ಮುಂದಿನ ಭಾನುವಾರ ಉಪ್ಪಿನಬೆಟಗೇರಿಗೆ ಹೋದೆ. ಮಗಳು ಕಟ್ಟೆಯ ಮೇಲೆ ಕೂತು ಶೇಂಗಾ ಆರಿಸುತ್ತಿದ್ದರು. ಹೆಸರು ಹೇಳಿದೆ.

"ಓ... ನೀವಽ ಏನ್ರಿ ಅವರು" ಎಂದರು. ಕೂತುಕೊಳ್ಳಿ ಎನ್ನಲಿಲ್ಲ.

ಚೀಟಿ ಕೊಟ್ಟೆ. ಮುಂದಿನ ಬದಿ ಓದಿದರು, ಹೊಳ್ಳಿಸಿ ಹಿಂಬದಿಯನ್ನೂ ಓದಿದರು.

"ಅಬ್ಬಾಗ ಇದು ಬಾಯಿಪಾಠ ಇತ್ತು. ಮಸೀದ್ಯಾಗ ಹೇಳಿದ್ರು, ಠಾಣೇದಾಗ ಹೇಳಿದ್ರು. ಬರೇ ಬಾಯಿಲೆ ಹೇಳಿದ್ದು ಯಾರ್ ನಂಬತಾರ್ರಿ?"

"ಅದಕ್ಕಽ ಅಕ್ಕಾ, ಈಗ ಎಲ್ಲಾರಿಗೂ ಕಾಣಲಿ ಅಂತ ಹಾಕೇನಿ."

"ಕಾಣಾಕತ್ತೈತಿ. ನನ್ನ ಮಗಳ ಫೋನಿಗೂ ಬಂತು. ಅವರಜ್ಜಗ ಹೊಡಿಯೂದು ಆಕಿ ನೋಡಿದ್ದಿಲ್ಲ. ಮೊನ್ನೆ ನೋಡಿದ್ಲು." ಶೇಂಗಾದ ಮೊರದಲ್ಲಿದ್ದ ಹರಳೊಂದನ್ನು ಆರಿಸಿ ಎಸೆದರು. "ತಗದಬಿಡ್ರಿ ಅದನ್ನ. ಮುಂದ ಎಲ್ಲೇರ ಬರದ್ರೂ ಅವರ ಹೆಸರ ಹಾಕಬ್ಯಾಡ್ರಿ."

"ಮತ್ತ ಖರೇ ಸಂಗತಿ, ಅಕ್ಕಾ?"

"ಖರೇ ಸಂಗತಿ ಬೇಕಾಗಿದ್ದು ಆ ಶುಕ್ರವಾರರಿ."

ಚೀಟಿಯನ್ನು ಅವರೇ ಇಟ್ಟುಕೊಳ್ಳಲಿ ಎಂದೆ. ಬೇಡವೆಂದು ವಾಪಸು ನನ್ನ ಅಂಗೈಗೆ ಹಾಕಿದರು.

ಬಸ್ಸಿಗೆ ಕಾಯುತ್ತ ನಿಂತು ನಾನು ಬರೆದದ್ದನ್ನು ಅಳಿಸಿದೆ. ಮೊದಲಿನ ವಿಡಿಯೊ ಅಳಿಸುವುದು ನನ್ನ ಕೈಯಲ್ಲಿಲ್ಲ, ಅದು ಯಾರ ಕೈಯಲ್ಲೂ ಇಲ್ಲ. ಕಾಕಾ ನನ್ನ ಮುಂದೆ ಬಂದು ನಿಲ್ಲುತ್ತೇನೆ ಎಂದು ಬರೆದುಕೊಟ್ಟಿದ್ದರು. ಅವರ ಮುಂದೆ ನಿಲ್ಲಬೇಕಾದ ದಿನ ನಾನು ಗೇಟಿನೊಳಗಿದ್ದೆ. ಈಗ ಗೇಟು ತೆರೆದರೂ ಹೊರಗೆ ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಪರಿಚಯವಿಲ್ಲದ ಯಾರೋ ಆ ಸೆಮಿಫೈನಲ್ಲಿನ ತುಣುಕನ್ನು ನನಗೇ ಕಳಿಸಿದ್ದರು. ಕೆಳಗೆ ಒಂದು ಸಾಲು: "ಭಾರಿ ಮಾತಾಡೀರಿ ಸರ್."